ಕೆನಡಾ ಡಿಗ್ರಿ ಕಡಿಮೆ ಖರ್ಚಿನಲ್ಲಿ: ಅರ್ಜಿ ಹಾಕುವ ಮೊದಲೇ ಮಾಡಬೇಕಾದ ಲೆಕ್ಕ

ಕೆನಡಾದಲ್ಲಿ ಪದವಿ ಓದಲು ಹೊರದೇಶದ ವಿದ್ಯಾರ್ಥಿ 2024-25ರಲ್ಲಿ ಕಟ್ಟಿದ ಸರಾಸರಿ ಫೀಸು ವರ್ಷಕ್ಕೆ 40,114 ಡಾಲರ್. ಅದೇ ಕ್ಲಾಸಿನಲ್ಲಿ ಪಕ್ಕ ಕೂತ ಕೆನಡಾದ ಹುಡುಗನಿಗೆ ಸರಾಸರಿ 7,360 ಡಾಲರ್. ಇದು ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಸ್ಟ್ಯಾಟಿಸ್ಟಿಕ್ಸ್ ಕೆನಡಾ ಕೊಟ್ಟ ಲೆಕ್ಕ. ಒಂದು ಕೆನಡಾ ಡಾಲರಿಗೆ 65 ರೂಪಾಯಿ ಎಂದಿಟ್ಟುಕೊಳ್ಳಿ. ಲೇಖನದ ಉದ್ದಕ್ಕೂ ಇದೇ ದರ ಹಿಡಿದಿದ್ದೇನೆ. ವರ್ಷಕ್ಕೆ 26 ಲಕ್ಷ ಆಯಿತು. ನಾಲ್ಕು ವರ್ಷಕ್ಕೆ ಕೋಟಿ ದಾಟಿತು. ಬಾಡಿಗೆ, ಊಟ, ವಿಮಾನದ ಟಿಕೆಟ್ ಇನ್ನೂ ಸೇರಿಲ್ಲ.

ಈ ಅಂಕಿ ನೋಡಿಯೇ ಆಸೆ ಬಿಡುವವರು ಇದ್ದಾರೆ. ಹೇಗೋ ಆಗುತ್ತೆ ಎಂದು ಮನೆಪತ್ರ ಬ್ಯಾಂಕಿಗೆ ಕೊಟ್ಟು ಹೊರಡುವವರೂ ಇದ್ದಾರೆ. ಎರಡೂ ಬೇಕಿಲ್ಲ. ಸರಾಸರಿಯ ಅರ್ಧಕ್ಕೆ ಓದುವ ದಾರಿ ಇದೆ. ಯೂನಿವರ್ಸಿಟಿಯೇ ನಿಮಗೆ ದುಡ್ಡು ಕೊಟ್ಟು ಓದಿಸುವ ದಾರಿಯೂ ಇದೆ. ಆದರೆ ಆ ದಾರಿಗಳು ಏಜೆಂಟರ ಕೌಂಟರಿನಲ್ಲಿ ಸಿಗುವುದಿಲ್ಲ. ನೀವೇ ಹುಡುಕಿಕೊಳ್ಳಬೇಕು. ಹುಡುಕುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಮೊದಲು: ಯಾವ ಡಿಗ್ರಿಯನ್ನು ಅಲ್ಲಿ ಓದಬೇಕು?

ಎಲ್ಲರೂ "ಯಾವ ಯೂನಿವರ್ಸಿಟಿ ಚೀಪು?" ಎಂದು ಶುರು ಮಾಡುತ್ತಾರೆ. ಅದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ. ಬ್ಯಾಚುಲರ್ ಡಿಗ್ರಿಗೆ ಹೋಗಬೇಕೋ, ಮಾಸ್ಟರ್ಸ್‌ಗೆ ಹೋಗಬೇಕೋ? ಖರ್ಚಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದೇ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮಧ್ಯಮ ವರ್ಗದ ಮನೆಯಾದರೆ ಬ್ಯಾಚುಲರ್ ಡಿಗ್ರಿಯನ್ನು ಕರ್ನಾಟಕದಲ್ಲೇ ಮುಗಿಸಿ. ಆಮೇಲೆ ಸಂಶೋಧನೆ ಇರುವ, ಅಂದರೆ ಥೀಸಿಸ್ ಬರೆಯುವ ಮಾಸ್ಟರ್ಸ್‌ಗೆ ಕೆನಡಾಕ್ಕೆ ಹೋಗಿ. ಬ್ಯಾಚುಲರ್ ಡಿಗ್ರಿಯಲ್ಲಿ ನೀವು ಯೂನಿವರ್ಸಿಟಿಗೆ ದುಡ್ಡು ಕೊಡುತ್ತೀರಿ. ಥೀಸಿಸ್ ಮಾಸ್ಟರ್ಸ್‌ನಲ್ಲಿ ಬಹಳ ಕಡೆ ಯೂನಿವರ್ಸಿಟಿಯೇ ನಿಮಗೆ ದುಡ್ಡು ಕೊಡುತ್ತದೆ.

ಇಲ್ಲಿ ಕರ್ನಾಟಕದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ತೊಡಕು ಇದೆ. ಕೆನಡಾದ ಹೆಚ್ಚಿನ ಯೂನಿವರ್ಸಿಟಿಗಳು ಮಾಸ್ಟರ್ಸ್‌ಗೆ ನಾಲ್ಕು ವರ್ಷದ ಡಿಗ್ರಿ ಕೇಳುತ್ತವೆ. ನಮ್ಮಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಬಿಇ, ಬಿಟೆಕ್, ಬಿಎಸ್ಸಿ ಅಗ್ರಿ ಓದಿದವರಿಗೆ ಚಿಂತೆಯಿಲ್ಲ, ಅವು ನಾಲ್ಕು ವರ್ಷದ್ದೇ. ಮೂರು ವರ್ಷದ ಬಿಎ, ಬಿಕಾಂ, ಬಿಎಸ್ಸಿ ಆದವರು ಇಲ್ಲೇ ಎಂಎ, ಎಂಕಾಂ, ಎಂಎಸ್ಸಿ ಮುಗಿಸಿ ಅರ್ಜಿ ಹಾಕುವುದು ಒಳ್ಳೆಯದು. ಎರಡು ವರ್ಷ ಹೋಯಿತಲ್ಲ ಎನಿಸಬಹುದು. ಆದರೆ ಆ ಎರಡು ವರ್ಷಕ್ಕೆ ಇಲ್ಲಿ ಆಗುವ ಖರ್ಚು ಅಲ್ಲಿನ ಎರಡು ತಿಂಗಳ ಬಾಡಿಗೆ, ಊಟದಷ್ಟೂ ಆಗದಿರಬಹುದು. ಕೆಲವು ಯೂನಿವರ್ಸಿಟಿಗಳು ಒಳ್ಳೆಯ ಅಂಕ ಇದ್ದರೆ ಮೂರು ವರ್ಷದ ಪದವಿಯನ್ನೂ ಒಪ್ಪುತ್ತವೆ. ಹಾಗಾಗಿ ನಿಮ್ಮ ವಿಭಾಗಕ್ಕೆ ಮೇಲ್ ಮಾಡಿ ಕೇಳಿ. ಏಜೆಂಟರ ಬಾಯಿಮಾತು ನಂಬಬೇಡಿ. ಉತ್ತರ ಲಿಖಿತವಾಗಿ ಬರಲಿ.

ಫೀಸಿನ ಪುಟ ಓದುವುದು ಕಲಿಯಿರಿ

ಕೆನಡಾದಲ್ಲಿ ಬ್ಯಾಚುಲರ್ ಡಿಗ್ರಿ ಸಾಮಾನ್ಯವಾಗಿ 120 ಕ್ರೆಡಿಟ್. ಒಂದು ವಿಷಯಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್. ಅಂದರೆ ಒಟ್ಟು 40 ವಿಷಯ, ವರ್ಷಕ್ಕೆ 10. ಹಲವು ಯೂನಿವರ್ಸಿಟಿಗಳು ಫೀಸನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ, ಕ್ರೆಡಿಟ್ ಲೆಕ್ಕದಲ್ಲಿ ಹೇಳುತ್ತವೆ. ಪುಟದಲ್ಲಿ "ಒಂದು ಕ್ರೆಡಿಟ್ಟಿಗೆ 700 ಡಾಲರ್" ಎಂದು ಕಂಡರೆ ಕಡಿಮೆ ಅನಿಸುತ್ತದೆ. 30ರಿಂದ ಗುಣಿಸಿ. 21,000 ಆಯಿತು, ಅಲ್ವಾ? ಇನ್ನೊಂದು ಕಡೆ "ಒಂದು ಸೆಮಿಸ್ಟರಿಗೆ" ಎಂದು ಬರೆದಿರುತ್ತದೆ. ಬ್ಯಾಚುಲರ್‌ಗೆ ವರ್ಷಕ್ಕೆ ಎರಡು ಸೆಮಿಸ್ಟರ್. ಮಾಸ್ಟರ್ಸ್‌ನಲ್ಲಿ ಬೇಸಿಗೆಯೂ ಸೇರಿ ವರ್ಷಕ್ಕೆ ಮೂರು ಕಂತು ಇರುವುದು ಮಾಮೂಲು. ಇದನ್ನು ನೋಡದೆ ಎರಡು ಕಂತು ಎಂದುಕೊಂಡು ಲೆಕ್ಕ ಹಾಕಿದರೆ ಮೂರನೇ ಕಂತಿನ ಹೊತ್ತಿಗೆ ಕೈ ಖಾಲಿ.

ಅದೇ ಪುಟದ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ: ವಿದ್ಯಾರ್ಥಿ ಸಂಘದ ಶುಲ್ಕ, ಆರೋಗ್ಯ ವಿಮೆ, ಹಲ್ಲಿನ ವಿಮೆ, ಬಸ್ ಪಾಸ್, ಜಿಮ್. ಇವು ಕಡ್ಡಾಯ. ಎಲ್ಲ ಸೇರಿದರೆ ವರ್ಷಕ್ಕೆ ಸಾವಿರ ಡಾಲರ್ ದಾಟಬಹುದು. ನಿಮಗೆ ಬೇರೆ ವಿಮೆ ಇದ್ದರೆ ಕೆಲವನ್ನು ಬೇಡ ಎಂದು ಬರೆದುಕೊಡಬಹುದು. ಅದಕ್ಕೆ ಸೆಮಿಸ್ಟರಿನ ಆರಂಭದಲ್ಲಿ ಒಂದು ಕೊನೆ ದಿನಾಂಕ ಇರುತ್ತದೆ. ಆ ದಿನ ತಪ್ಪಿದರೆ ದುಡ್ಡು ಹೋಯಿತು.

ಮತ್ತೊಂದು ವಿಷಯ. ನೀವು ಸೇರಿದ ವರ್ಷದ ಫೀಸೇ ಕೊನೆಯವರೆಗೂ ಇರುತ್ತದೋ, ಪ್ರತಿವರ್ಷ ಏರುತ್ತದೋ ಎಂದು ಕೇಳಿ. ಪ್ರತಿವರ್ಷ ಶೇಕಡ 4 ಏರಿದರೂ ನಾಲ್ಕನೇ ವರ್ಷಕ್ಕೆ ಅದು ಮೊದಲ ವರ್ಷಕ್ಕಿಂತ ಶೇಕಡ 12ರಷ್ಟು ಜಾಸ್ತಿ. ಅದರ ಜೊತೆ ಡಾಲರ್ ದರವೂ ಏರಿದರೆ ಪೆಟ್ಟು ಎರಡಾಗುತ್ತದೆ.

ಊರು ಆಯ್ದುಕೊಳ್ಳುವುದು

ಟೊರಾಂಟೊ, ವ್ಯಾಂಕೂವರ್ ಹೆಸರು ನಮಗೆ ಗೊತ್ತು. ಖರ್ಚು ಉಳಿಸುವ ಊರುಗಳ ಹೆಸರು ಬೇರೆ. ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿರುವ ಮೆಮೋರಿಯಲ್ ಯೂನಿವರ್ಸಿಟಿ. ಮ್ಯಾನಿಟೋಬಾದಲ್ಲಿ ಯೂನಿವರ್ಸಿಟಿ ಆಫ್ ಮ್ಯಾನಿಟೋಬಾ, ಯೂನಿವರ್ಸಿಟಿ ಆಫ್ ವಿನಿಪೆಗ್, ಬ್ರ್ಯಾಂಡನ್ ಯೂನಿವರ್ಸಿಟಿ. ಸಸ್ಕಾಚೆವಾನ್‌ನಲ್ಲಿ ಯೂನಿವರ್ಸಿಟಿ ಆಫ್ ಸಸ್ಕಾಚೆವಾನ್, ಯೂನಿವರ್ಸಿಟಿ ಆಫ್ ರಿಜೈನಾ. ಬ್ರಿಟಿಷ್ ಕೊಲಂಬಿಯಾದ ಉತ್ತರದಲ್ಲಿ, ಪ್ರಿನ್ಸ್ ಜಾರ್ಜ್ ಊರಿನ ಯೂನಿವರ್ಸಿಟಿ ಆಫ್ ನಾರ್ದರ್ನ್ ಬ್ರಿಟಿಷ್ ಕೊಲಂಬಿಯಾ. ಇವೆಲ್ಲ ಸಾರ್ವಜನಿಕ ಯೂನಿವರ್ಸಿಟಿಗಳು.

ಮೆಮೋರಿಯಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹಳೆಯ ಸಲಹೆಗಳಲ್ಲೆಲ್ಲ ಇದೇ ಹೆಸರು. ಅಲ್ಲಿ ವಿದೇಶಿ ವಿದ್ಯಾರ್ಥಿಗಳ ಬ್ಯಾಚುಲರ್ ಫೀಸು ಬಹಳ ವರ್ಷ 11,460 ಡಾಲರಿನ ಆಸುಪಾಸು ಇತ್ತು. 2022ರಲ್ಲಿ ಹೊಸದಾಗಿ ಸೇರುವವರಿಗೆ ಅದನ್ನು 20,000ಕ್ಕೆ ಏರಿಸಿದರು. ಆ ಕಾಲದ ವಿಡಿಯೋ ನೋಡಿ ಬಜೆಟ್ ಹಾಕಿದರೆ ಅರ್ಧ ದುಡ್ಡು ಕಡಿಮೆ ಬೀಳುತ್ತದೆ. ಹಾಗಿದ್ದರೂ ದೇಶದ ಸರಾಸರಿಗೆ ಹೋಲಿಸಿದರೆ ಇದು ಹತ್ತಿರಹತ್ತಿರ ಅರ್ಧ. ಯಾವ ಯೂನಿವರ್ಸಿಟಿಯದ್ದೇ ಆಗಲಿ, ಫೀಸನ್ನು ಅದರ ಸ್ವಂತ ಪುಟದಲ್ಲಿ, ನೀವು ಸೇರುವ ವರ್ಷದ್ದನ್ನೇ ನೋಡಿ.

ಊರು ಬದಲಾದರೆ ಆಸ್ಪತ್ರೆ ಖರ್ಚೂ ಬದಲಾಗುತ್ತದೆ. ಕೆನಡಾದಲ್ಲಿ ಆರೋಗ್ಯ ವಿಮೆ ಪ್ರಾಂತ್ಯಗಳ ಕೈಯಲ್ಲಿದೆ. ಸಸ್ಕಾಚೆವಾನ್‌ನಲ್ಲಿ ಸ್ಟಡಿ ಪರ್ಮಿಟ್, ಅಂದರೆ ಓದಲು ಕೆನಡಾ ಸರ್ಕಾರ ಕೊಡುವ ಅನುಮತಿ, ಇದ್ದವರಿಗೆ ಪ್ರಾಂತ್ಯದ ವಿಮೆ ಸಿಗುತ್ತದೆ. ಆಲ್ಬರ್ಟಾ, ನ್ಯೂಫೌಂಡ್‌ಲ್ಯಾಂಡ್‌ನಲ್ಲೂ ವರ್ಷಕ್ಕಿಂತ ಉದ್ದದ ಕೋರ್ಸಿಗೆ ಸಿಗುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ತಿಂಗಳಿಗೆ 75 ಡಾಲರ್ ಕಟ್ಟಬೇಕು. ಒಂಟಾರಿಯೋದಲ್ಲಿ ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ಯುಹಿಪ್ ಎಂಬ ಬೇರೆ ವಿಮೆ, ಅದರ ದುಡ್ಡು ಫೀಸಿನ ಜೊತೆಗೇ ಬರುತ್ತದೆ. ಮ್ಯಾನಿಟೋಬಾ 2018ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ವಿಮೆ ನಿಲ್ಲಿಸಿತು. ಫೀಸು ಕಡಿಮೆ ಎಂದು ವಿನಿಪೆಗ್ ಆರಿಸುವವರು ವಿಮೆಯ ದುಡ್ಡನ್ನೂ ಸೇರಿಸಿ ನೋಡಿ.

ಈಗ ಒಂದು ಅಂದಾಜು. ಫೀಸು 21,000, ಬಾಡಿಗೆ, ಊಟ, ಬಸ್ಸು, ಫೋನ್, ಬಟ್ಟೆ ಸೇರಿ 16,000. ವರ್ಷಕ್ಕೆ 37,000 ಡಾಲರ್, ಅಂದರೆ 24 ಲಕ್ಷ. ನಾಲ್ಕು ವರ್ಷಕ್ಕೆ 96 ಲಕ್ಷ. ಟೊರಾಂಟೊದಲ್ಲಿ ಫೀಸು 40,000, ಖರ್ಚು 22,000 ಎಂದುಕೊಂಡರೆ ನಾಲ್ಕು ವರ್ಷಕ್ಕೆ 1 ಕೋಟಿ 61 ಲಕ್ಷ. ಊರು ಬದಲಿಸಿದ್ದಕ್ಕೇ 65 ಲಕ್ಷದ ವ್ಯತ್ಯಾಸ. ಆದರೂ ಮೊದಲನೆಯದನ್ನೂ ಅಗ್ಗ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಮಾಸ್ಟರ್ಸ್ ದಾರಿಯನ್ನು ಒತ್ತಿ ಹೇಳುತ್ತಿದ್ದೇನೆ.

ದುಡ್ಡು ಕೊಟ್ಟು ಓದಿಸುವ ಮಾಸ್ಟರ್ಸ್

ಕೆನಡಾದಲ್ಲಿ ಮಾಸ್ಟರ್ಸ್ ಎರಡು ಬಗೆ. ಒಂದು ಕೋರ್ಸ್‌ವರ್ಕ್, ಅಂದರೆ ಥೀಸಿಸ್ ಇಲ್ಲದೆ ಕ್ಲಾಸು, ಪರೀಕ್ಷೆ ಮಾತ್ರ ಇರುವುದು. ಎಂಇಂಜ್ (ಎಂಜಿನಿಯರಿಂಗ್ ಮಾಸ್ಟರ್ಸ್), ಎಂಬಿಎ, ವೃತ್ತಿಪರ ಡೇಟಾ ಸೈನ್ಸ್ ಕೋರ್ಸುಗಳು ಈ ಗುಂಪಿಗೆ ಸೇರುತ್ತವೆ. ಇವಕ್ಕೆ ಫೀಸು ಜಾಸ್ತಿ, ಸಹಾಯಧನ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಥೀಸಿಸ್ ಇರುವುದು: ಎಂಎಸ್ಸಿ, ಎಂಎಎಸ್ಸಿ (ಎಂಜಿನಿಯರಿಂಗ್‌ನ ಸಂಶೋಧನಾ ಮಾಸ್ಟರ್ಸ್), ಕೆಲವು ಎಂಎ. ಇಲ್ಲಿ ಪ್ರೊಫೆಸರ್ ಒಬ್ಬರು ನಿಮ್ಮನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ. ಅವರ ಅನುದಾನದಿಂದ ರಿಸರ್ಚ್ ಅಸಿಸ್ಟೆಂಟ್ ಸಂಬಳ, ವಿಭಾಗದಿಂದ ಟೀಚಿಂಗ್ ಅಸಿಸ್ಟೆಂಟ್ ಸಂಬಳ, ಜೊತೆಗೆ ಸ್ಕಾಲರ್‌ಶಿಪ್. ಎಲ್ಲ ಸೇರಿ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ವರ್ಷಕ್ಕೆ 20,000 ಡಾಲರಿನ ಆಚೀಚೆ ಬರುವುದು ಸಾಮಾನ್ಯ. ಥೀಸಿಸ್ ಮಾಸ್ಟರ್ಸ್‌ನ ಫೀಸು ಹಲವು ಕಡೆ 10,000 ಡಾಲರಿನ ಒಳಗೋ ಹತ್ತಿರವೋ ಇರುತ್ತದೆ. ಅಂದರೆ ಫೀಸು ಕಳೆದು ಮಿಕ್ಕ ದುಡ್ಡಿನಲ್ಲಿ ಸಣ್ಣ ಊರಿನಲ್ಲಿ ಬಹುಪಾಲು ಜೀವನ ಸಾಗುತ್ತದೆ. ಮನೆಯಿಂದ ತರಬೇಕಾದ್ದು ಕೋಟಿಯಲ್ಲ, ಕೆಲವೇ ಲಕ್ಷ.

ಇದಕ್ಕೆ ಕೀಲಿ ಪ್ರೊಫೆಸರಿಗೆ ಬರೆಯುವ ಮೇಲ್. ಅದನ್ನು ಹೇಗೆ ಬರೆಯಬೇಕು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲೇ. ಒಂದೇ ಮೇಲನ್ನು ನೂರು ಜನಕ್ಕೆ ಕಳಿಸುತ್ತಾರೆ. "ರೆಸ್ಪೆಕ್ಟೆಡ್ ಸರ್, ನಿಮ್ಮ ಕೆಲಸ ನನಗೆ ತುಂಬಾ ಇಷ್ಟ" ಎಂದು ಶುರುವಾಗುತ್ತದೆ. ಯಾವ ಕೆಲಸ ಎಂದು ಎಲ್ಲೂ ಇರುವುದಿಲ್ಲ. ಇಂಥ ಮೇಲ್ ಓದದೆಯೇ ಅಳಿಸಿಹೋಗುತ್ತದೆ.

ಹೀಗೆ ಮಾಡಿ. ನಿಮ್ಮ ಆಸಕ್ತಿಯ ವಿಷಯದಲ್ಲಿ ಕೆಲಸ ಮಾಡುವ ಪ್ರೊಫೆಸರ್‌ಗಳ ಪಟ್ಟಿ ಮಾಡಿಕೊಳ್ಳಿ. ಒಬ್ಬೊಬ್ಬರ ಇತ್ತೀಚಿನ ಒಂದು ಪ್ರಬಂಧವನ್ನು ನಿಜವಾಗಿಯೂ ಓದಿ. ಇಮೇಲ್‌ನ ಮೊದಲ ಎರಡು ಸಾಲಿನಲ್ಲಿ ನೀವು ಯಾರು, ಏನು ಓದಿದ್ದೀರಿ, ಯಾವ ವರ್ಷದ ಸೆಪ್ಟೆಂಬರಿಗೆ ಬರಬೇಕೆಂದಿದ್ದೀರಿ ಎಂದು ಬರೆಯಿರಿ. ಮುಂದಿನ ಮೂರು ನಾಲ್ಕು ಸಾಲಿನಲ್ಲಿ ಆ ಪ್ರಬಂಧದ ಒಂದು ನಿರ್ದಿಷ್ಟ ಅಂಶ, ಅದಕ್ಕೂ ನಿಮ್ಮ ಕೆಲಸಕ್ಕೂ ಇರುವ ನಂಟು. ಉದಾಹರಣೆಗೆ, ನೀವು ಧಾರವಾಡದ ಕೃಷಿ ಕಾಲೇಜಿನಲ್ಲಿ ಜೋಳದ ಬೆಳೆಯಲ್ಲಿ ಬರ ತಡೆಯುವ ಗುಣದ ಮೇಲೆ ಪ್ರಾಜೆಕ್ಟ್ ಮಾಡಿದ್ದರೆ, ಸಸ್ಕಾಚೆವಾನ್‌ನಲ್ಲಿ ಒಣಭೂಮಿ ಬೆಳೆಗಳ ಮೇಲೆ ಕೆಲಸ ಮಾಡುವವರಿಗೆ ಅದು ನೇರವಾಗಿ ಬೇಕಾದ ಅನುಭವ. ನೀವು ಯಾವ ಅಳತೆ ತೆಗೆದಿರಿ, ಯಾವ ಸಾಫ್ಟ್‌ವೇರ್ ಬಳಸಿದಿರಿ ಎಂದು ಬರೆಯಿರಿ. ಕೊನೆಯಲ್ಲಿ ಒಂದೇ ಪ್ರಶ್ನೆ: ಮುಂದಿನ ವರ್ಷಕ್ಕೆ ಸಹಾಯಧನದ ಜೊತೆ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಯೋಚನೆ ಇದೆಯೇ? ಬಯೋಡೇಟಾ ಮತ್ತು ಮಾರ್ಕ್ಸ್ ಕಾರ್ಡ್ ಲಗತ್ತಿಸಿ. ಇಡೀ ಮೇಲ್ ಮೊಬೈಲಿನ ಒಂದು ಪರದೆಯಲ್ಲಿ ಮುಗಿಯಲಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೆ ಮುಂದಿನ ಹೆಸರಿಗೆ ಹೋಗಿ.

ಬರೆಯುವ ಕಾಲ: ಸೆಪ್ಟೆಂಬರಿನಲ್ಲಿ ಸೇರಬೇಕಾದರೆ ಹಿಂದಿನ ವರ್ಷದ ಆಗಸ್ಟ್‌ನಿಂದ ನವೆಂಬರ್. ಹೆಚ್ಚಿನ ಕಡೆ ಅರ್ಜಿಯ ಕೊನೆ ದಿನ ಡಿಸೆಂಬರ್, ಜನವರಿಯಲ್ಲೇ ಬರುತ್ತದೆ.

ಇನ್ನೂ ಡಿಗ್ರಿ ಓದುತ್ತಿರುವವರಿಗೆ ಮೈಟ್ಯಾಕ್ಸ್ ಗ್ಲೋಬಲಿಂಕ್ ಎಂಬ ಒಳ್ಳೆಯ ಅವಕಾಶ ಇದೆ. ಭಾರತದ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಬೇಸಿಗೆಯಲ್ಲಿ 12 ವಾರ ಕೆನಡಾದ ಪ್ರೊಫೆಸರ್ ಜೊತೆ ಸಂಶೋಧನೆ. ಓಡಾಟ, ವಾಸದ ಖರ್ಚಿಗೆ ನೆರವು ಅವರೇ ಕೊಡುತ್ತಾರೆ. ಹಾಗೆ ಹೋಗಿಬಂದವರಿಗೆ ಮುಂದೆ ಮಾಸ್ಟರ್ಸ್‌ಗೆ ಅದೇ ಪ್ರೊಫೆಸರ್ ಬಾಗಿಲು ತೆರೆಯುವುದು ಸುಲಭ. ಮೂರನೇ ವರ್ಷದ ಬಿಇ ಓದುವಾಗಲೇ ಇದರ ಮೇಲೆ ಕಣ್ಣಿಡಿ.

ಪಿಎಚ್‌ಡಿ ಇನ್ನೂ ಹಗುರ. ಯೂನಿವರ್ಸಿಟಿ ಆಫ್ ಟೊರಾಂಟೊ 2018ರಿಂದ ಹೆಚ್ಚಿನ ವಿದೇಶಿ ಪಿಎಚ್‌ಡಿ ವಿದ್ಯಾರ್ಥಿಗಳಿಂದ ಕೆನಡಾದವರಷ್ಟೇ ಫೀಸು ತೆಗೆದುಕೊಳ್ಳುತ್ತಿದೆ.

ಬ್ಯಾಚುಲರ್‌ಗೇ ಹೋಗಬೇಕೆಂದರೆ

ಪಿಯುಸಿಯಲ್ಲಿ ಬಹಳ ಒಳ್ಳೆಯ ಅಂಕ, ಜೊತೆಗೆ ಶಾಲೆಯಲ್ಲಿ ಏನಾದರೂ ಮುಂದಾಳತ್ವ ವಹಿಸಿದ ದಾಖಲೆ ಇದ್ದರೆ ಎರಡು ದೊಡ್ಡ ಸ್ಕಾಲರ್‌ಶಿಪ್ ನೋಡಿ. ಯೂನಿವರ್ಸಿಟಿ ಆಫ್ ಟೊರಾಂಟೊದ ಲೆಸ್ಟರ್ ಬಿ. ಪಿಯರ್ಸನ್ ಸ್ಕಾಲರ್‌ಶಿಪ್ ನಾಲ್ಕು ವರ್ಷದ ಫೀಸು, ಪುಸ್ತಕ, ಹಾಸ್ಟೆಲ್ ಎಲ್ಲ ಭರಿಸುತ್ತದೆ. ಆದರೆ ನಿಮ್ಮ ಶಾಲೆ ನಿಮ್ಮನ್ನು ನಾಮಿನೇಟ್ ಮಾಡಬೇಕು. ನಮ್ಮ ಎಷ್ಟೋ ಪಿಯು ಕಾಲೇಜುಗಳಿಗೆ ಈ ವಿಷಯವೇ ಗೊತ್ತಿಲ್ಲ. ಹಾಗಾಗಿ ಪ್ರಿನ್ಸಿಪಾಲರ ಬಳಿ ನೀವೇ ಮುಂಚಿತವಾಗಿ ಹೋಗಿ ಹೇಳಬೇಕು. ಯೂಬಿಸಿಯಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾದಲ್ಲಿ, ಮನೆಯ ಆರ್ಥಿಕ ಸ್ಥಿತಿ ನೋಡಿ ಕೊಡುವ ಕೆರೆನ್ ಮೆಕೆಲಿನ್ ಪ್ರಶಸ್ತಿ ಇದೆ. ಎರಡಕ್ಕೂ ಪೈಪೋಟಿ ಬಹಳ. ಸಿಕ್ಕರೆ ಹೋಗಿ, ಸಿಗದಿದ್ದರೆ ಇಲ್ಲೇ ಓದಿ ಎನ್ನುವ ಮನಸ್ಸಿನಲ್ಲಿ ಅರ್ಜಿ ಹಾಕಿ.

ಇನ್ನೊಂದು ದಾರಿ ಮೊದಲೆರಡು ವರ್ಷ ಸಾರ್ವಜನಿಕ ಕಾಲೇಜಿನಲ್ಲಿ ಓದಿ, ಆ ಕ್ರೆಡಿಟ್‌ಗಳನ್ನು ಯೂನಿವರ್ಸಿಟಿಗೆ ವರ್ಗಾಯಿಸಿಕೊಳ್ಳುವುದು. ಬ್ರಿಟಿಷ್ ಕೊಲಂಬಿಯಾದಲ್ಲಿ ಇದಕ್ಕೆ ಹಳೆಯ, ಗಟ್ಟಿಯಾದ ವ್ಯವಸ್ಥೆ ಇದೆ. ಲಂಗಾರಾ, ಡಗ್ಲಸ್ ತರಹದ ಕಾಲೇಜಿನ ಯಾವ ವಿಷಯ ಯಾವ ಯೂನಿವರ್ಸಿಟಿಯಲ್ಲಿ ಯಾವುದಕ್ಕೆ ಸಮ ಎಂದು ಬಿಸಿ (ಬ್ರಿಟಿಷ್ ಕೊಲಂಬಿಯಾ) ಟ್ರಾನ್ಸ್‌ಫರ್ ಗೈಡ್ ಎಂಬ ವೆಬ್‌ಸೈಟಿನಲ್ಲಿ ಒಂದೊಂದಾಗಿ ನೋಡಬಹುದು. ಕಾಲೇಜಿನ ಫೀಸು ಸಾಮಾನ್ಯವಾಗಿ ಕಡಿಮೆ, ಕ್ಲಾಸು ಸಣ್ಣದು, ಕೊನೆಗೆ ಕೈಗೆ ಬರುವುದು ಯೂನಿವರ್ಸಿಟಿಯ ಡಿಗ್ರಿಯೇ. ಆದರೆ 2024ರ ನವೆಂಬರ್ 8ರಿಂದ ನಿಯಮ ಬಿಗಿಯಾಗಿದೆ. ಕಾಲೇಜು ಬದಲಿಸಿದರೆ ಹೊಸ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಮೊದಲು ಆನ್‌ಲೈನಿನಲ್ಲಿ ಸಂಸ್ಥೆಯ ಹೆಸರು ಬದಲಿಸಿದರೆ ಸಾಕಿತ್ತು. ಈಗ ನಡುವಿನಲ್ಲಿ ಪರ್ಮಿಟ್ ತಿರಸ್ಕಾರವಾಗುವ ಅಪಾಯ ಇದೆ. ಈ ದಾರಿ ಮುಚ್ಚಿಲ್ಲ, ಆದರೆ ಮೊದಲಿನಷ್ಟು ನಿಶ್ಚಿಂತೆಯದ್ದಲ್ಲ.

ಆಲ್ಬರ್ಟಾದ ಅಥಬಾಸ್ಕಾ ಯೂನಿವರ್ಸಿಟಿಯಲ್ಲಿ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಡಿಗ್ರಿ ಮಾಡಬಹುದು. ಬಾಡಿಗೆ, ವಿಮಾನ ಎಲ್ಲ ಉಳಿಯುತ್ತದೆ. ಆದರೆ ಪೂರ್ತಿ ಆನ್‌ಲೈನ್ ಓದಿಗೆ ಸ್ಟಡಿ ಪರ್ಮಿಟ್ ಇಲ್ಲ, ಮುಂದೆ ಕೆಲಸದ ಪರ್ಮಿಟ್ಟೂ ಇಲ್ಲ. ಡಿಗ್ರಿ ಮಾತ್ರ ಸಾಕು ಎನ್ನುವವರಿಗೆ ಇದು.

ಏಜೆಂಟರು, ಖಾಸಗಿ ಕಾಲೇಜುಗಳು

"ಫ್ರೀ ಕನ್ಸಲ್ಟೇಷನ್" ಎಂದು ಬೋರ್ಡು ಹಾಕಿದ ಏಜೆಂಟರಿಗೆ ಸಂಬಳ ಬರುವುದು ಕಾಲೇಜು ಕೊಡುವ ಕಮಿಷನ್ನಿಂದ. ಥೀಸಿಸ್ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಕಮಿಷನ್ ಸಿಗುವುದಿಲ್ಲ. ಅದಕ್ಕೇ ಅದರ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ. ಯೂನಿವರ್ಸಿಟಿ ಅರ್ಜಿಯನ್ನು ನೀವೇ ಹಾಕಬಹುದು, ಕಷ್ಟವೇನಿಲ್ಲ.

ಯಾವುದೇ ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಎರಡು ವಿಷಯ ನೋಡಿ. ಅದು ಕೆನಡಾ ಸರ್ಕಾರದ ಡಿಎಲ್‌ಐ ಪಟ್ಟಿಯಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಇರುವ ಸಂಸ್ಥೆಗಳ ಪಟ್ಟಿಯಲ್ಲಿ, ಇದೆಯೇ? ಆ ಕೋರ್ಸು ಮುಗಿಸಿದರೆ ಪಿಜಿಡಬ್ಲ್ಯುಪಿ, ಅಂದರೆ ಓದಿನ ನಂತರದ ಕೆಲಸದ ಪರ್ಮಿಟ್ ಸಿಗುತ್ತದೆಯೇ? ಡಿಎಲ್‌ಐ ಪಟ್ಟಿಯಲ್ಲಿದ್ದೂ ಪಿಜಿಡಬ್ಲ್ಯುಪಿ ಕೊಡಿಸದ ಕಾಲೇಜುಗಳು ಬೇಕಾದಷ್ಟಿವೆ. ಸಾರ್ವಜನಿಕ ಕಾಲೇಜಿನ ಪಠ್ಯವನ್ನು ಖಾಸಗಿ ಕಾಲೇಜು ನಡೆಸುವ ಜಂಟಿ ಕೋರ್ಸುಗಳಿಗೆ 2024ರ ಮೇ 15ರ ನಂತರ ಸೇರಿದವರಿಗೆ ಈ ಪರ್ಮಿಟ್ ಇಲ್ಲ. ಡಿಪ್ಲೊಮಾ ಕೋರ್ಸುಗಳಿಗೆ ಓದಿದ ವಿಷಯದ ನಿರ್ಬಂಧವೂ ಬಂದಿದೆ. ಬ್ಯಾಚುಲರ್, ಮಾಸ್ಟರ್ಸ್, ಪಿಎಚ್‌ಡಿಗೆ ಆ ನಿರ್ಬಂಧ ಇಲ್ಲ. ಕನಿಷ್ಠ 8 ತಿಂಗಳ ಮಾಸ್ಟರ್ಸ್ ಮುಗಿಸಿದರೂ ಮೂರು ವರ್ಷದ ಪರ್ಮಿಟ್ ಪಡೆಯಬಹುದು. ಭಾಷಾ ಪರೀಕ್ಷೆಯಲ್ಲಿ ಕೆನಡಾದ ಭಾಷಾ ಅಳತೆಗೋಲಾದ ಸಿಎಲ್‌ಬಿಯ 7ನೇ ಮಟ್ಟ ಬೇಕು.

2023ರಲ್ಲಿ ಭಾರತದ ನೂರಾರು ವಿದ್ಯಾರ್ಥಿಗಳ ಪ್ರವೇಶ ಪತ್ರಗಳೇ ನಕಲಿ ಎಂದು ಬಯಲಾಯಿತು. ಓದಿ ಮುಗಿಸಿ ಕೆಲಸಕ್ಕೆ ಸೇರಿದವರಿಗೂ ಗಡೀಪಾರಿನ ನೋಟಿಸ್ ಬಂತು. ಅದೇ ವರ್ಷದ ಡಿಸೆಂಬರ್ 1ರಿಂದ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜೇ ಸರ್ಕಾರಕ್ಕೆ ದೃಢಪಡಿಸುವ ವ್ಯವಸ್ಥೆ ಬಂತು. ಆದರೂ ಅರ್ಜಿಯ ಲಾಗಿನ್, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಫೀಸನ್ನು ನೇರ ಯೂನಿವರ್ಸಿಟಿಗೇ ಕಟ್ಟಿ.

ಊರಲ್ಲೇ ದುಡ್ಡಿನ ವ್ಯವಸ್ಥೆ

ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಕೇಳುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 30 ಲಕ್ಷಕ್ಕೆ ಶೇಕಡ 10ರ ಬಡ್ಡಿ ಎಂದರೆ ವರ್ಷಕ್ಕೆ 3 ಲಕ್ಷ. ಓದುವಾಗಲೇ ಬಡ್ಡಿಯನ್ನಷ್ಟಾದರೂ ಕಟ್ಟಿಕೊಂಡು ಬಂದರೆ ಮುಂದೆ ಹೊರೆ ಕಡಿಮೆ. ಕಟ್ಟಿದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷದವರೆಗೆ ವಿನಾಯಿತಿ ಇದೆ. ಹೊರದೇಶಕ್ಕೆ ದುಡ್ಡು ಕಳಿಸುವಾಗ ವರ್ಷಕ್ಕೆ 10 ಲಕ್ಷ ದಾಟಿದರೆ ಬ್ಯಾಂಕು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಕಳಿಸಿದರೆ ಅದು ಇಲ್ಲ.

1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಹೊರದೇಶದ ಉನ್ನತ ಓದಿಗೆ ಸಾಲರೂಪದ ಸ್ಕಾಲರ್‌ಶಿಪ್ ಕೊಡುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಮಾಸ್ಟರ್ಸ್, ಪಿಎಚ್‌ಡಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಲೇಬೇಕು. ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಹೋಗಿ ಆ ವರ್ಷ ಯಾವ ಯೋಜನೆಗೆ ಅರ್ಜಿ ಕರೆದಿದ್ದಾರೆ ಎಂದು ಕೇಳಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಪತ್ರ ಸಿಗುವ ಹೊತ್ತಿಗೆ ಕೊನೆ ದಿನ ಮುಗಿದುಹೋಗಿ ಅವಕಾಶ ಕಳೆದುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ಟಡಿ ಪರ್ಮಿಟ್

ಬೇಗ ಪರ್ಮಿಟ್ ಕೊಡುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆ 2024ರ ನವೆಂಬರಿನಲ್ಲಿ ನಿಂತಿತು. ಈಗ ಎಲ್ಲರೂ ಸಾಮಾನ್ಯ ದಾರಿಯಲ್ಲೇ ಹೋಗಬೇಕು. ಅರ್ಜಿ ಶುಲ್ಕ 150 ಡಾಲರ್, ಬೆರಳಚ್ಚು ಮತ್ತು ಫೋಟೊಗೆ 85. ಬೆರಳಚ್ಚು ಕೊಡಲು ಬೆಂಗಳೂರಿನಲ್ಲೇ ವಿಎಫ್‌ಎಸ್ ಎಂಬ ವೀಸಾ ಅರ್ಜಿ ಕೇಂದ್ರ ಇದೆ.

ಬ್ಯಾಚುಲರ್‌ಗೆ ಹೋಗುವವರಿಗೆ ಪಾಲ್, ಅಂದರೆ ಪ್ರಾಂತ್ಯದ ದೃಢೀಕರಣ ಪತ್ರ ಬೇಕು. ಸೀಟು ಖಚಿತಪಡಿಸಿ ಮುಂಗಡ ಕಟ್ಟಿದ ಮೇಲೆ ಸಾಮಾನ್ಯವಾಗಿ ಯೂನಿವರ್ಸಿಟಿಯೇ ಅದನ್ನು ತರಿಸಿಕೊಡುತ್ತದೆ. ಸಾರ್ವಜನಿಕ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಓದುವವರಿಗೆ 2026ರ ಜನವರಿ 1ರಿಂದ ಅದು ಬೇಕಿಲ್ಲ.

ಒಬ್ಬರಿಗೆ ಒಂದು ವರ್ಷದ ಜೀವನಕ್ಕೆ 22,895 ಡಾಲರ್ ಇದೆ ಎಂದು ತೋರಿಸಬೇಕು. 2025ರ ಸೆಪ್ಟೆಂಬರ್ 1ರಿಂದ ಬಂದ ಮೊತ್ತ ಇದು. ಹತ್ತಿರಹತ್ತಿರ 15 ಲಕ್ಷ. ಮೊದಲ ವರ್ಷದ ಫೀಸು, ಪ್ರಯಾಣದ ಖರ್ಚು ಬೇರೆ. ಇದನ್ನು ತೋರಿಸಲು ಜಿಐಸಿ ಎಂಬ ಠೇವಣಿ ಸುಲಭ. ಕೆನಡಾದ ಬ್ಯಾಂಕಿನಲ್ಲಿ ಇಡುತ್ತೀರಿ, ಅಲ್ಲಿಗೆ ಹೋದ ಮೇಲೆ ಸ್ವಲ್ಪ ಒಟ್ಟಿಗೆ, ಉಳಿದದ್ದು ಕಂತಿನಲ್ಲಿ ನಿಮಗೇ ವಾಪಸ್ ಬರುತ್ತದೆ. ಅದು ಖರ್ಚಲ್ಲ, ನಿಮ್ಮದೇ ದುಡ್ಡು. ಪ್ರೊಫೆಸರ್ ಕಡೆಯಿಂದ ಸಹಾಯಧನದ ಪತ್ರ ಇದ್ದರೆ ಅದನ್ನೂ ಜೊತೆಗಿಡಿ. ಅದು ತೂಕದ ದಾಖಲೆ.

2025ರ ಆಗಸ್ಟ್‌ನಲ್ಲಿ ಭಾರತದವರ ಅರ್ಜಿಗಳಲ್ಲಿ ಸುಮಾರು ಶೇಕಡ 74 ತಿರಸ್ಕಾರವಾದವು ಎಂದು ವರದಿಯಾಗಿತ್ತು. ಹಾಗಾಗಿ ಮುಂಗಡ ಕಟ್ಟುವ ಮೊದಲು, ಪರ್ಮಿಟ್ ಸಿಗದಿದ್ದರೆ ಎಷ್ಟು ವಾಪಸ್ ಕೊಡುತ್ತಾರೆ ಎಂಬ ನಿಯಮ ಓದಿ. ವಿವರಣೆಯ ಪತ್ರವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ: ಈ ಕೋರ್ಸೇ ಯಾಕೆ, ಇಲ್ಲಿಯವರೆಗಿನ ಓದಿಗೂ ಇದಕ್ಕೂ ಏನು ಸಂಬಂಧ, ದುಡ್ಡು ಎಲ್ಲಿಂದ ಬಂತು. ಖಾತೆಗೆ ಇದ್ದಕ್ಕಿದ್ದಂತೆ ಬಂದ ದೊಡ್ಡ ಮೊತ್ತ ಇದ್ದರೆ ಅದು ಜಮೀನು ಮಾರಿದ್ದೋ, ಎಫ್‌ಡಿ ಮುರಿದದ್ದೋ ಎಂದು ದಾಖಲೆ ಸಮೇತ ಹೇಳಿ.

ಹೋದ ಮೇಲೆ

ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಕೆಲಸ ಮಾಡಬಹುದು. ಗಂಟೆಗೆ 16 ಡಾಲರ್ ಎಂದರೆ ತಿಂಗಳಿಗೆ 1,600ರ ಹತ್ತಿರ. ಸಣ್ಣ ಊರಿನಲ್ಲಿ ಬಾಡಿಗೆ, ಊಟಕ್ಕೆ ಸಾಕು. ಫೀಸಿಗೆ ಸಾಲದು. ಕೆಲಸ ಸಿಗಲು ತಿಂಗಳುಗಳೇ ಹಿಡಿಯಬಹುದು. "ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟುತ್ತೇನೆ" ಎಂಬ ಲೆಕ್ಕದ ಮೇಲೆ ದಯವಿಟ್ಟು ಹೊರಡಬೇಡಿ. ಕ್ಯಾಂಪಸ್ ಒಳಗಿನ ಕೆಲಸಕ್ಕೆ, ಟೀಚಿಂಗ್ ಅಸಿಸ್ಟೆಂಟ್ ಕೆಲಸವೂ ಸೇರಿ, ಈ 24 ಗಂಟೆಯ ಮಿತಿ ಇಲ್ಲ. ಲೈಬ್ರರಿ, ಕ್ಯಾಂಟೀನ್, ಲ್ಯಾಬ್ ಕೆಲಸಗಳನ್ನು ಮೊದಲು ಹುಡುಕಿ. ಪ್ರತಿ ಸೆಮಿಸ್ಟರಿನಲ್ಲೂ ಫುಲ್ ಟೈಮ್ ವಿದ್ಯಾರ್ಥಿಯಾಗಿಯೇ ಇರಿ. ದುಡ್ಡು ಉಳಿಸಲೆಂದು ವಿಷಯ ಕಡಿಮೆ ಮಾಡಿಕೊಂಡರೆ ಕೆಲಸದ ಪರ್ಮಿಟ್ಟಿಗೇ ಕುತ್ತು. ಕೊನೆಯ ಸೆಮಿಸ್ಟರ್ ಮಾತ್ರ ಅದಕ್ಕೆ ಹೊರತು.

ಪುಸ್ತಕ ಹೊಸದು ಕೊಳ್ಳಬೇಡಿ. ಲೈಬ್ರರಿಯ ರಿಸರ್ವ್ ವಿಭಾಗದಲ್ಲಿ ಪಠ್ಯಪುಸ್ತಕ ಸಿಗುತ್ತದೆ. ಬಿಸಿಕ್ಯಾಂಪಸ್ ಸಂಸ್ಥೆ ನೂರಾರು ಪಠ್ಯಪುಸ್ತಕಗಳನ್ನು ಉಚಿತವಾಗಿ ಇಟ್ಟಿದೆ. ಚಳಿಯ ಜಾಕೆಟ್ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ಬೆಂಗಳೂರಿನ ಜಾಕೆಟ್ ವಿನಿಪೆಗ್‌ನ ಮೈನಸ್ 30ಕ್ಕೆ ಸುಮ್ನೆ ಭಾರ. ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ.

ಆದಾಯ ಇರಲಿ ಬಿಡಲಿ, ಪ್ರತಿವರ್ಷ ಏಪ್ರಿಲ್ 30ರ ಒಳಗೆ ಟ್ಯಾಕ್ಸ್ ರಿಟರ್ನ್ ಹಾಕಿ. ಯೂನಿವರ್ಸಿಟಿ ಟಿ2202 ಎಂಬ ಫೀಸಿನ ಪತ್ರ ಕೊಡುತ್ತದೆ. ಅದನ್ನು ತೋರಿಸಿದರೆ ಕಟ್ಟಿದ ಫೀಸು ನಿಮ್ಮ ಹೆಸರಿನಲ್ಲಿ ತೆರಿಗೆ ರಿಯಾಯಿತಿಯಾಗಿ ಜಮೆಯಾಗುತ್ತದೆ. ಈಗ ಬಳಕೆಯಾಗದಿದ್ದರೆ ಮುಂದಿನ ವರ್ಷಗಳಿಗೆ ಉಳಿಯುತ್ತದೆ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಸಾವಿರಾರು ಡಾಲರ್ ತೆರಿಗೆ ಉಳಿಸುವುದು ಇದೇ. ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿ ಎನಿಸಿಕೊಂಡ ಕಡಿಮೆ ಆದಾಯದವರಿಗೆ ಮೂರು ತಿಂಗಳಿಗೊಮ್ಮೆ ಬರುವ ಜಿಎಸ್‌ಟಿ ವಾಪಸಾತಿಯೂ ಇದೆ. ಹೊಸದಾಗಿ ಬಂದವರು ಅದಕ್ಕೆ ಆರ್‌ಸಿ151 ಫಾರಂ ತುಂಬಿ ಕಳಿಸಬೇಕು. ಹಲವು ಯೂನಿವರ್ಸಿಟಿಗಳಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಸ್ವಯಂಸೇವಕರು ಉಚಿತವಾಗಿ ರಿಟರ್ನ್ ತುಂಬಿಕೊಡುತ್ತಾರೆ. ಪಾಸ್‌ಪೋರ್ಟ್, ಸಿನ್ ನಂಬರ್ (ಅಲ್ಲಿ ಕೆಲಸ ಮಾಡಲು ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಬಾಡಿಗೆ ರಸೀದಿ ತೆಗೆದುಕೊಂಡು ಹೋಗಿ.